ಮೊಳೆಗೆ ನೇತುಹಾಕಿದ ಮಾತುಗಳು

ಪುತ್ತೂರಿನಲ್ಲಿ ಮಾತು ತೂತಾಗಿ ಹೊರಡುತ್ತಿದ್ದ ಕಾಲವೊಂದಿತ್ತು. ಹೇಳಿದರೆ ಈಗಿನವರು ನಗುತ್ತಾರೆ. ನಗಲಿ, ನಗುತ್ತಾ ಕೇಳಲಿ. ಬೆರಳಗಲದ ಒಂದು ಕಾಗದದ ಪಟ್ಟಿ, ಅದರ ಮೈತುಂಬ ಎಳ್ಳಿನ ಕಾಳಿನಷ್ಟು ತೂತುಗಳು. ಆ ಪಟ್ಟಿಯನ್ನು ಯಂತ್ರದ ಬಾಯಿಗೆ ಕೊಟ್ಟರೆ ಅದು ಕಟಕಟನೆ ನುಂಗುತ್ತಿತ್ತು; ಇಲ್ಲಿ ನುಂಗಿದ್ದು ಅಲ್ಲಿ ದೂರದ ಕಾನ್ಪುರದಲ್ಲಿ ಇನ್ನೊಂದು ಯಂತ್ರದ ಬಾಯಿಂದ ಅಕ್ಷರವಾಗಿ ಹೊರಗೆ ಬರುತ್ತಿತ್ತು. ಯಂತ್ರಕ್ಕೆ ಟೆಲೆಕ್ಸ್ ಎಂದು ಹೆಸರು, ಪಟ್ಟಿಗೆ ಟೇಪು. ಆ ಟೇಪುಗಳನ್ನು ಹೂಮಾಲೆಯ ಹಾಗೆ ಗೋಡೆಯ ಮೊಳೆಗಳಿಗೆ ನೇತುಹಾಕಿ, ಅವುಗಳ ಕೆಳಗೆ ಕುಳಿತು ಎಚ್ಚರದಲ್ಲೇ ಕನಸು ಕಾಣುತ್ತಿದ್ದವಳು ಪಂಕಜಾಕ್ಷಿ.

ಅವಳು ಕಡಬದ ಕಡೆಯ ಹುಡುಗಿ. ಅವಳ ತಾಯಿ ಸೀತು. ಆ ಕಡೆಯಲ್ಲಿ ಸೀತು ಎಂದರೆ ಸಾಕಿತ್ತು, ಬೇರೆ ಗುರುತು ಬೇಡ. ನೇಜಿ ನೆಡುವ ಗದ್ದೆಯಲ್ಲಿ ಪಾಡ್ದನದ ಹಾಡು ಎತ್ತುವವಳು ಅವಳೇ. ಹೆಂಗಸರು ಸಾಲಾಗಿ ಬಗ್ಗಿ, ಒಂದೊಂದೇ ಹಿಡಿ ಭತ್ತದ ಸಸಿಯನ್ನು ಕೆಸರಿಗೆ ಊರುತ್ತಾ ಹಿಂದೆ ಹಿಂದೆ ಸರಿಯುವಾಗ ಸೀತು ಒಂದು ಸೊಲ್ಲು ಎತ್ತುವಳು. ಉಳಿದವರು ಅದನ್ನು ಹಿಡಿದು ತಿರುಗಿ ಹೇಳುವರು. ಮಳೆಯೂ ಹಾಡೂ ಒಂದೇ ಲಯದಲ್ಲಿ ಬೀಳುವುದು. ಗದ್ದೆಯ ಅಂಚಿನ ಹುಣಿಯ ಮೇಲೆ, ಮಳೆಗೆಂದು ಎಲೆ ಹೆಣೆದ ಗೊರಬೆಯೊಳಗೆ ಆಮೆಯ ಹಾಗೆ ತಲೆ ಮಾತ್ರ ಹೊರಗಿಟ್ಟು ಕುಳಿತು ಪಂಕಜಾಕ್ಷಿ ಕೇಳುವಳು. ಕೇಳುತ್ತಾ ಕೇಳುತ್ತಾ ಅವಳಿಗೆ ಅಮ್ಮನ ಬೆನ್ನು ಗುಡ್ಡವಾಗಿಯೂ, ಗದ್ದೆಯ ನೀರು ಹೊಳೆಯಾಗಿಯೂ ಕಾಣುವುದು.

ಸೀತುವಿನ ಹಾಡುಗಳಲ್ಲಿ ಒಂದನ್ನು ಅವಳು ಬಹಳ ಮೆಚ್ಚಿದ್ದಳು. ಹಾಡು ತುಳುವಿನದು, ಅದರ ಕಥೆ ಹೀಗೆ: ಮನೆ ಬಿಟ್ಟು ಗುಡ್ಡದಾಚೆ ಒಕ್ಕಲು ಹೂಡಿದ ಮಗ ಎಷ್ಟೋ ಕಾಲದಿಂದ ತಾಯಿಯ ಅಂಗಳಕ್ಕೆ ಕಾಲಿಟ್ಟಿಲ್ಲ. ತಾಯಿ ಮಗಳನ್ನು ಕರೆದು ಕಿವಿಯಲ್ಲಿ ಒಂದು ಮಾತು ಹೇಳಿ, ಅಣ್ಣನಿಗೆ ಮುಟ್ಟಿಸಿ ಬಾ ಎನ್ನುತ್ತಾಳೆ. ಹುಡುಗಿ ಹೊರಡುತ್ತಾಳೆ. ದಾರಿಯಲ್ಲಿ ಹಲಸಿನ ಮರ ತಡೆದು, ಏನು ಮಾತು ಮಗಳೇ ಎಂದು ಕೇಳುತ್ತದೆ. ಹೊಳೆ ತಡೆದು ಕೇಳುತ್ತದೆ. ಒಂಟಿ ಕಾಲಿನ ಕೊಕ್ಕರೆ ಕೇಳುತ್ತದೆ. ಎಲ್ಲರಿಗೂ ಅವಳದು ಅದೇ ಉತ್ತರ:

ಅಮ್ಮ ಕೊಟ್ಟ ಮಾತಿದು, ಅಣ್ಣನಿಗೆಂದ ಮಾತಿದು,
ತಲೆಯ ಮೇಲೆ ಹೊತ್ತಿದ್ದೇನೆ, ದಾರಿಯಲ್ಲಿ ಇಳಿಸಲಾರೆ.

ಹಾಗಾದರೆ ಅಣ್ಣನ ಹೊಸ್ತಿಲಲ್ಲಿ ಅವಳು ಇಳಿಸಿದ ಮಾತು ಯಾವುದು? ಅದನ್ನೇ ಪಂಕಜಾಕ್ಷಿ ಕೇಳಿರಲಿಲ್ಲ. ಹಾಡಿನ ಕೊನೆ ಗದ್ದೆಯ ಕೊನೆಯಲ್ಲಿ, ಹೆಂಗಸರ ಬೆನ್ನು ಹುಣಿಗೆ ತಾಗಿ ಕೊನೆಯ ಹಿಡಿ ನೇಜಿ ಕೈಯಲ್ಲಿರುವಾಗ ಮಾತ್ರ ಬರಬೇಕು. ಮನೆಯೊಳಗೆ ಹಾಡಿದರೆ ನೆಟ್ಟದ್ದು ಬೇರು ಬಿಡುವುದಿಲ್ಲ ಎಂದು ಸೀತುವಿಗೆ ಅವಳ ತಾಯಿ ಹೇಳಿಕೊಟ್ಟಿದ್ದಳು. ಸರಿಯಾಗಿ ಆ ಹೊತ್ತಿಗೇ ಯಾರಾದರೂ, "ಏ ಪಂಕಜ, ಓಡು ಮಗಾ, ಗಂಜಿಯ ಪಾತ್ರೆ ತಾ" ಎಂದು ಅವಳನ್ನು ಮನೆಗೆ ಅಟ್ಟುವರು. ಗಂಜಿ, ಉಪ್ಪಿನಕಾಯಿ ಹೊತ್ತು ಅವಳು ವಾಪಸು ಬರುವಾಗ ಹೆಂಗಸರು ಕೈಕಾಲು ತೊಳೆಯುತ್ತಿರುವರು. ಹಾಡು ಮುಗಿದಿರುವುದು.

"ಅಮ್ಮಾ, ಅವಳು ಎಂತ ಹೇಳಿದ್ದು?"

"ಬರುವ ವರ್ಷ ಕೇಳುವಿಯಂತೆ."

ಬರುವ ವರ್ಷ ಶಾಲೆ. ಅದರಾಚೆಯ ವರ್ಷ ಪರೀಕ್ಷೆ. ಎಪ್ಪತ್ತರ ದಶಕದಲ್ಲಿ ಭೂಸುಧಾರಣೆಯ ಡಿಕ್ಲರೇಶನ್ ಆಗಿ ಗೇಣಿಯ ಗದ್ದೆ ಸ್ವಂತಕ್ಕೆ ಬಂದದ್ದೇ ಬಂದದ್ದು, ಪಂಕಜಾಕ್ಷಿಯ ಅಣ್ಣ ಶೀನಪ್ಪ ಅದಕ್ಕೆ ಮಣ್ಣು ತುಂಬಿಸಿ ಅಡಿಕೆ ಸಸಿ ಇಟ್ಟ. ಊರೆಲ್ಲ ಹಾಗೆಯೇ ಮಾಡುತ್ತಿತ್ತು, ಅವನೊಬ್ಬನನ್ನು ದೂರಿ ಏನು? ಸೀತುವಿಗೆ ಗದ್ದೆ ಹೋಯಿತು. ಗದ್ದೆಯ ಹಿಂದೆ ಹಾಡಿನ ಕೊನೆಯೂ ಹೋಯಿತು.

ಪಂಕಜಾಕ್ಷಿ ಎಸ್ಸೆಸ್ಸೆಲ್ಸಿ ಮುಗಿಸಿ, ಪುತ್ತೂರಿನಲ್ಲಿ ಟೈಪಿಂಗ್ ಕಲಿತು, ತಿರುಮಲೇಶ್ವರ ಭಟ್ಟರ ಅಡಿಕೆ, ಕಾಳುಮೆಣಸಿನ ಅಂಗಡಿಗೆ ಸೇರಿದಳು. ಟೈಪಿಸ್ಟ್ ಎಂದು ಸೇರಿದ್ದು. ಎಂಬತ್ತರ ದಶಕ ಶುರುವಾಗಿ ಸ್ವಲ್ಪದರಲ್ಲಿ ಭಟ್ಟರು ಟೆಲೆಕ್ಸ್ ಹಾಕಿಸಿದರು. ಮಂಗಳೂರಿನಿಂದ ಬಂದ ಮೆಕ್ಯಾನಿಕ್ ಅವಳಿಗೆ ಅದನ್ನು ನಡೆಸಲು ಕಲಿಸಿ, ಹೋಗುವಾಗ ಒಂದು ಎಚ್ಚರಿಕೆ ಹೇಳಿದ: "ಲೈನು ಸಿಕ್ಕಿದ ಮೇಲೆ ಕೂತು ಕುಟ್ಟಬೇಡಿ, ನಿಮಿಷಕ್ಕೆ ದುಡ್ಡು ಬೀಳ್ತದೆ. ಮೊದಲೇ ಟೇಪಿನಲ್ಲಿ ತೂತು ಹೊಡೆದು ಇಟ್ಟುಕೊಳ್ಳಿ. ಲೈನು ಸಿಕ್ಕಿದ ಕೂಡಲೇ ಓಡಿಸಿಬಿಡಿ."

ಅಂಗಡಿಯ ಹಿಂದಿನ ಕೋಣೆ, ಅಡಿಕೆಯ ಒಗರು ವಾಸನೆ, ಕಿಟಕಿಯಿಂದ ಬೀಳುವ ಬಿಸಿಲಿನ ಕೋಲು. ಅವಳು ಟೇಪನ್ನು ಬಿಸಿಲಿಗೆ ಹಿಡಿದರೆ ಮಾತು ಎದುರಿನ ಗೋಡೆಯ ಮೇಲೆ ನಕ್ಷತ್ರವಾಗಿ ಚೆಲ್ಲುತ್ತಿತ್ತು. ಸ್ವಲ್ಪ ಸಮಯದಲ್ಲೇ ಬೆರಳು ಸವರಿ ಅಕ್ಷರ ಓದುವುದು ಅಭ್ಯಾಸವಾಯಿತು. ಒಂದೇ ತೂತಿನ ಅಕ್ಷರವಿತ್ತು, ನಾಲ್ಕು ತೂತಿನದೂ ಇತ್ತು. ತಪ್ಪು ಬಿದ್ದರೆ ರಬ್ಬರು ನಡೆಯದು. ಆ ಜಾಗದಲ್ಲಿ ಐದೂ ತೂತು ಹೊಡೆದುಬಿಟ್ಟರೆ ಯಂತ್ರ ಅದನ್ನು ಓದದೆ ದಾಟಿಹೋಗುವುದು. ತಪ್ಪನ್ನು ಅಳಿಸಬೇಕಾದರೆ ಇನ್ನೂ ತೂತು ಹೊಡೆಯಬೇಕು ಎಂಬುದು ಅವಳಿಗೆ ಏನೋ ಹಳೆಯ ಕಥೆಯಲ್ಲಿ ಬರುವ ಸಂಗತಿಯ ಹಾಗೆ ತೋರುತ್ತಿತ್ತು.

ಭಟ್ಟರ ಸಂದೇಶಗಳು ಒಂದರ ಹಾಗೆ ಒಂದು. ಮೊದಲು ಅಡಿಕೆ ಕೊಳ್ಳುವ ಕಾನ್ಪುರದ ಸೇಟುವಿಗೆ ಉದ್ದದ ನಮಸ್ಕಾರ, ನಿಮ್ಮ ಸಂದೇಶ ತಲುಪಿತು, ಮನೆಯಲ್ಲಿ ಎಲ್ಲರೂ ಕ್ಷೇಮವೇ. ಆಮೇಲೆ ಆ ದಿನದ ದರ, ಲಾರಿಯ ಸುದ್ದಿ. ಕೊನೆಗೆ ಮತ್ತೆ ನಮಸ್ಕಾರ, ಉತ್ತರ ಕಾಯುತ್ತೇವೆ.

"ಧನಿಗಳೇ, ನಮಸ್ಕಾರವನ್ನು ಸ್ವಲ್ಪ ಗಿಡ್ಡ ಮಾಡಬಹುದಾ?" ಎಂದು ಅವಳು ಕೇಳಿದ್ದಳು.

"ಗಿಡ್ಡ ಮಾಡಿದರೆ ನಮಗೂ ಘಟ್ಟದ ಮೇಲಿನವರಿಗೂ ಎಂತ ವ್ಯತ್ಯಾಸ ಉಂಟು? ದರದಲ್ಲಿ ಬೇಕಾದರೆ ಚೌಕಾಸಿ ಮಾಡುವ. ಮರ್ಯಾದೆಯಲ್ಲಿ ಬೇಡ."

ದಿನಾ ಅದೇ ಸಾಲುಗಳನ್ನು ಕುಟ್ಟುತ್ತಾ ಕುಳಿತಿದ್ದ ಒಂದು ಮಧ್ಯಾಹ್ನ ಅವಳಿಗೆ ಅಮ್ಮನ ಗದ್ದೆ ನೆನಪಾಯಿತು. ಅಮ್ಮ ಹಾಡನ್ನು ಪ್ರತಿ ಸಲ ಹೊಸದಾಗಿ ಕಟ್ಟುತ್ತಿದ್ದಳೇ? ಇಲ್ಲವಲ್ಲ. ಹೊರಡುವುದಕ್ಕೆ ಒಂದು ಸೊಲ್ಲು, ಹೊಳೆ ದಾಟುವುದಕ್ಕೆ ಒಂದು ಸೊಲ್ಲು, ಯಾರು ಹೊರಟರೂ ಯಾರು ದಾಟಿದರೂ ಅದೇ. ಸಿದ್ಧ ಮಾಡಿಟ್ಟ ಸೊಲ್ಲುಗಳನ್ನು ಎತ್ತಿ ಎತ್ತಿ ಇಡುವುದು, ನಡುವೆ ಆಯಾ ಕಥೆಯದ್ದನ್ನು ಸೇರಿಸುವುದು.

ಪಂಕಜಾಕ್ಷಿ ಹಾಗೆಯೇ ಮಾಡಿದಳು. ಮೊದಲಿನ ನಮಸ್ಕಾರವನ್ನು ಒಂದು ತುಂಡು ಟೇಪಿನಲ್ಲಿ ತೂತು ಹೊಡೆದು ಕತ್ತರಿಸಿ ಮೊಳೆಗೆ ಹಾಕಿದಳು. ಅದಕ್ಕೆ ಅವಳು ಇಟ್ಟ ಹೆಸರು ಹೊರಡುವ ಸೊಲ್ಲು. ಲಾರಿ ಘಟ್ಟ ಹತ್ತಿತು ಎಂಬುದು ಹೊಳೆ ದಾಟುವ ಸೊಲ್ಲು. ಮಳೆಗಾಲದಲ್ಲಿ ಗುಡ್ಡ ಜರಿದು ಲಾರಿ ಘಟ್ಟದ ಬುಡದ ಕಲ್ಲುಗುಂಡಿಯಲ್ಲಿ ನಿಂತಿದೆ ಎಂಬುದಕ್ಕೆ ಕೊಕ್ಕರೆಯ ಸೊಲ್ಲು, ಒಂಟಿ ಕಾಲಲ್ಲಿ ನಿಂತ ಹಾಗೆ ನಿಂತದ್ದಕ್ಕೆ. ಕೊನೆಯ ನಮಸ್ಕಾರ ಇಳಿಸುವ ಸೊಲ್ಲು. ಹೊಸ ಸಂದೇಶ ಬಂದಾಗ ಮೊಳೆಯಿಂದ ಬೇಕಾದ ಟೇಪು ತೆಗೆದು ಯಂತ್ರದ ಒಂದು ಬಾಯಿಗೆ ಕೊಡುವುದು. ಇನ್ನೊಂದು ಕಡೆಯಿಂದ ಅದೇ ತೂತುಗಳು ಹೊಸ ಟೇಪಿನ ಮೇಲೆ ತಾವಾಗಿ ಬೀಳುವುವು. ನಡುವಿನ ಅಂಕಿಗಳನ್ನಷ್ಟೇ ಅವಳು ಕುಟ್ಟುವುದು. ಮಾಲೆಗೆ ಹೂ ಪೋಣಿಸಿದಷ್ಟು ಸಲೀಸು.

ಅಡಿಕೆ ಸುಲಿದು ಬೇರೆ ಮಾಡುವ ಕುಂಞಿ ಮೋನು ಬಾಗಿಲಲ್ಲಿ ನಿಂತು ಗೋಡೆ ನೋಡಿದ. "ಇದೆಂತ ಪಂಕಜಕ್ಕ, ಪಡುವಲಕಾಯಿ ಬೆಳೆ ಹಾಕಿದಿರಾ?"

"ಮಾತು ಒಣಗಿಸುದು ಮೋನಾಕ. ಮಳೆಗಾಲಕ್ಕೆ."

"ಒಣಗಿದರೆ ತೂಕ ಕಮ್ಮಿ ಆಗುದಿಲ್ವಾ? ಅಡಿಕೆ ಆಗ್ತದೆ."

ಇಷ್ಟೆಲ್ಲ ಅವಳು ಮಾಡಿದ್ದು ಭಟ್ಟರ ಲಾಭಕ್ಕೆಂದು ಯಾರಾದರೂ ತಿಳಿದರೆ ತಿಳಿಯಲಿ. ಅವಳಿಗೆ ಬೇಕಾದದ್ದು ಕಡಬದ ಸಂಜೆಯ ಬಸ್ಸು. ಕೆಲಸ ಬೇಗ ಮುಗಿದರೆ ಆ ಬಸ್ಸು ಸಿಗುತ್ತಿತ್ತು. ಅದು ಸಿಕ್ಕಿದರೆ ದೀಪ ಹಚ್ಚುವ ಹೊತ್ತಿಗೆ ಮನೆ. ಆ ಹೊತ್ತಿನಲ್ಲಿ ಸೀತು ಚಿಮಿಣಿಯ ಗಾಜು ಒರೆಸುತ್ತಾ ತನ್ನಷ್ಟಕ್ಕೆ ಹಾಡು ಗುನುಗುವಳು. ಊಟ ಆದ ಮೇಲೆ ಬೆಕ್ಕಿನ ಹಾಗೆ ಮುದುಡಿ ಮಲಗಿಬಿಡುವಳು. ಬಸ್ಸಿನ ಕಿಟಕಿಗೆ ತಲೆಯಾನಿಸಿ ಕುಳಿತರೆ ರಸ್ತೆಯ ಪಕ್ಕದ ತಂತಿ ಏರುತ್ತಾ ಇಳಿಯುತ್ತಾ ಜೊತೆಗೆ ಓಡಿ ಬರುತ್ತಿತ್ತು. ತಾನು ಆಗಷ್ಟೇ ಕಳಿಸಿದ ಮಾತು ಒಂದು ಪುಟ್ಟ ಹುಡುಗಿಯಾಗಿ, ಲಂಗ ಎತ್ತಿ ಹಿಡಿದು, ಆ ತಂತಿಯ ಮೇಲೆ ಓಡುತ್ತಿರುವ ಹಾಗೆ ಅವಳಿಗೆ ಅರೆನಿದ್ದೆಯಲ್ಲಿ ಕಾಣುತ್ತಿತ್ತು.

ಅಷ್ಟು ಅವಸರ ಯಾಕೆಂದರೆ ಸೀತು ಮರೆಯತೊಡಗಿದ್ದಳು. ಮೊದಮೊದಲು ಸಣ್ಣದು. ತೊಳೆದ ಅಕ್ಕಿಯನ್ನೇ ಮತ್ತೆ ತೊಳೆಯುವುದು. ಮಗಳನ್ನು, "ದಮಯಂತೀ" ಎಂದು ತನ್ನ ತಂಗಿಯ ಹೆಸರಿನಿಂದ ಕರೆಯುವುದು. ಒಂದು ಸಂಜೆ ಗುನುಗುವಾಗ ಹಲಸಿನ ಮರಕ್ಕಿಂತ ಮೊದಲೇ ಕೊಕ್ಕರೆ ಬಂತು. ಪಂಕಜಾಕ್ಷಿ ಕೈಕೆಲಸ ಬಿಟ್ಟು ಅಮ್ಮನ ಹತ್ತಿರ ಬಂದು ಕುಳಿತಳು. ಹಾಡಿನ ದಾರಿಯೇ ಅಮ್ಮನಿಗೆ ತಪ್ಪಿದರೆ ಅಣ್ಣನ ಮನೆ ಸಿಗುವುದು ಹೇಗೆ?

"ಅಮ್ಮಾ, ಕೊನೆಯದ್ದು ಒಂದು ಸಲ ಹೇಳು. ಮೆಲ್ಲ ಹೇಳು, ನೇಜಿಗೆ ಕೇಳುದಿಲ್ಲ."

"ಹುಚ್ಚಿ. ಇಲ್ಲಿ ಕೆಸರು ಎಲ್ಲಿ ಉಂಟು? ಕಾಲಿಗೆ ಕೆಸರು ತಾಗದೆ ಅದು ಬಾಯಿಗೆ ಬರುದಿಲ್ಲ."

ಅದು ನಿಯಮದ ಮಾತೋ, ನಿಜವಾಗಿಯೇ ಬರುತ್ತಿಲ್ಲವೋ ಎಂದು ಅವಳಿಗೆ ತಿಳಿಯಲಿಲ್ಲ.

ಆ ಚಿಂತೆಯಲ್ಲೇ ಒಂದು ಎಡವಟ್ಟಾಯಿತು. ಹೊರಡುವ ಸೊಲ್ಲಿನ ಟೇಪು ಗಿಡ್ಡ, ಜಾರಿ ಜಾರಿ ಬೀಳುತ್ತಿತ್ತು. ಅದಕ್ಕಾಗಿ ಅವಳು ಅದರ ಎರಡು ತುದಿಗಳನ್ನು ಅಂಟಿಸಿ ಬಳೆಯ ಹಾಗೆ ಮಾಡಿದ್ದಳು. ಒಂದು ಸುತ್ತು ಮುಗಿದಾಗ ಕೈಯಿಂದ ನಿಲ್ಲಿಸಬೇಕು. ಅವತ್ತು ಕಾನ್ಪುರದ ಲೈನು ಸಿಕ್ಕಿತು. ಹೊಸ ಟೇಪು ಹಾಕುವ ಬದಲು ಆ ಬಳೆಯನ್ನೇ ಹಾಕಿ ಗುಂಡಿ ಒತ್ತಿದಳು. ಯಂತ್ರದ ಕಟಕಟ ಸದ್ದು ಮಳೆಯಾಯಿತು, ಮಳೆ ಗದ್ದೆಯಾಯಿತು. ಹುಡುಗಿ ಹೊರಟಳು, ಹಲಸು ದಾಟಿದಳು, ಹೊಳೆ ದಾಟಿದಳು. ಬಳೆ ತಿರುಗುತ್ತಲೇ ಇತ್ತು.

ಗಂಟೆ ಕಿಣಿಕಿಣಿ ಎಂದಾಗ ಪಂಕಜಾಕ್ಷಿ ಎಚ್ಚೆತ್ತಳು. ಕಾನ್ಪುರದವನು ತಡೆಯಲಾರದೆ ನಡುವೆಯೇ ಕುಟ್ಟಿ ಕೇಳುತ್ತಿದ್ದ: ನಮಸ್ಕಾರ, ನಮಸ್ಕಾರ, ಕಾಗದ ನೆಲಕ್ಕೆ ಮುಟ್ಟಿತು, ನಿಮ್ಮಲ್ಲಿ ಎಲ್ಲ ಸರಿ ಇದೆಯೇ, ಏನಾದರೂ ಹಬ್ಬವೇ?

ಭಟ್ಟರು ಕಾಗದದ ಸುರುಳಿ ಎತ್ತಿ ಹಿಡಿದು ನೋಡಿದರು. ಅದು ಅವರ ಎದೆಯಿಂದ ಕಾಲಿನ ತನಕ ಇಳಿದಿತ್ತು. "ಎಂತ ಪಂಕಜಾಕ್ಷಿ ಇದು? ಮರ್ಯಾದೆ ಕೊಡು ಅಂತ ಹೇಳಿದ್ದು ನಾನೇ. ಮರ್ಯಾದೆ ಸುರಿ ಅಂತ ಹೇಳಿದ್ದೇನಾ?"

"ನೀವು ಸುಮ್ಮನೆ ಬೈತೀರಿ ಭಟ್ರೇ," ಎಂದ ಕುಂಞಿ ಮೋನು. "ಬರುವ ವರ್ಷದ್ದು ಸಹ ಒಟ್ಟಿಗೇ ಮುಗಿಸಿದ್ದಾರೆ. ಇನ್ನು ದರ ಮಾತ್ರ ಕಳಿಸಿದರೆ ಸಾಕು."

ಅವಳು ಯಂತ್ರ ನಿಲ್ಲಿಸಿದಳು. ಬಳೆಯನ್ನು ಕತ್ತರಿಸಿ ಮತ್ತೆ ನೀಟಾಗಿ ಮೊಳೆಗೆ ಹಾಕಿದಳು.

ಆ ಮಳೆಗಾಲದಲ್ಲಿ, ಮಿಥುನ ಮಾಸ ಮುಗಿಯುತ್ತಾ ಬಂದಾಗ, ಚಿಕ್ಕಮ್ಮ ದಮಯಂತಿ ಯಾವುದೋ ಕೆಲಸಕ್ಕೆ ಪುತ್ತೂರಿಗೆ ಬಂದವಳು ಅಂಗಡಿಗೆ ಇಣುಕಿದಳು. ಅವಳನ್ನು ಕೊಟ್ಟದ್ದು ಕೊಲ್ಲಮೊಗ್ರಿಗೆ, ಕಾಡಿನ ಅಂಚಿನ ಮನೆಗೆ. ಒದ್ದೆ ಕೊಡೆಯನ್ನು ಮೂಲೆಗಿಟ್ಟು ಅವಳು ಮೊದಲು ಕೇಳಿದ್ದೇ ಅಕ್ಕನನ್ನು.

"ಅಮ್ಮನಿಗೆ ನಾನು ನೀವಾಗಿದ್ದೇನೆ ಚಿಕ್ಕಮ್ಮ. ದಿನಾ ದಮಯಂತಿ ಅಂತಲೇ ಕರೆಯುದು."

"ಅಯ್ಯೋ, ಹಾಡು?"

"ಹಾಡೂ ಹಾಗೆಯೇ. ಹಿಂದು ಮುಂದು."

ದಮಯಂತಿ ಹತ್ತಿರ ಬಂದು ಹೇಳಿದಳು, "ನಮ್ಮಲ್ಲಿ ಇನ್ನೂ ಒಂದು ಗದ್ದೆ ಉಂಟು ಮಾರಾಯ್ತಿ. ಬರುವ ಗುರುವಾರ ನೇಜಿ. ಅಕ್ಕನನ್ನು ಕರ್ಕೊಂಡು ಬಾ, ಕೆಸರಿಗೆ ಇಳಿಸುವ. ಮುಂದಿನ ವರ್ಷ ಅಂತ ನೋಡಬೇಡ. ನಿನ್ನ ಚಿಕ್ಕಪ್ಪ ಸಹ ಈಗ ರಾತ್ರಿ ಕನಸಲ್ಲಿ ಅಡಿಕೆ ಸಸಿ ಎಣಿಸುದು."

ಗುರುವಾರವೇ ಕಾನ್ಪುರಕ್ಕೆ ದೊಡ್ಡ ಸಂದೇಶ ಹೋಗುವ ದಿನ. ಪಂಕಜಾಕ್ಷಿ ಭಟ್ಟರ ಎದುರು ನಿಂತು ರಜೆ ಕೇಳಿದಳು.

"ಗುರುವಾರವಾ? ಬೇರೆ ಯಾವ ದಿನ ಬೇಕಾದರೂ ಕೇಳು. ನೀನಿಲ್ಲದೆ ಆ ಯಂತ್ರದ ಬಾಯಿಗೆ ಕೈ ಹಾಕುದು ಯಾರು?"

"ಮೋನಾಕ ಹಾಕ್ತಾರೆ ಧನಿಗಳೇ. ನಾನು ಎಲ್ಲ ಟೇಪು ಮಾಡಿ ಇಡ್ತೇನೆ. ಅಂಕಿ ಮಾತ್ರ ನೀವು ಕುಟ್ಟಿ."

ಭಟ್ಟರು ಕನ್ನಡಕದ ಮೇಲಿನಿಂದ ನೋಡಿದರು. "ಹಾಗೆ ಆಗುದಾದರೆ ಮತ್ತೆ ನೀನು ಯಾಕೆ ನನಗೆ?"

ಮಾತು ತಮಾಷೆಯದೇ. ಆದರೂ ಅದರ ಹಿಂದೆ ಇನ್ನೇನೋ ಇತ್ತು. ಅವಳು ಹೇಳಿದಳು, "ಶುಕ್ರವಾರ ಬಂದು ಉತ್ತರ ಓದಲಿಕ್ಕೆ." ಆಮೇಲೆ ಗದ್ದೆಯ ಸಂಗತಿ, ಅಮ್ಮನ ಮರೆವು, ತಾನು ಕೇಳದೆ ಉಳಿದ ಹಾಡಿನ ಕೊನೆ, ಎಲ್ಲ ಹೇಳಿದಳು. ಭಟ್ಟರು ಮುಖ ಆಚೆ ತಿರುಗಿಸಿ ಅಡಿಕೆಯ ರಾಶಿ ನೋಡುತ್ತಾ, "ಹೋಗಿ ಬಾ. ಇಲ್ಲಿ ಹಾಳಾದರೆ ಒಂದು ದಿನದ್ದು ಹಾಳಾದೀತು," ಎಂದರು.

ಬುಧವಾರ ಇಡೀ ದಿನ ಅವಳು ತೂತು ಹೊಡೆದಳು. ಕುಂಞಿ ಮೋನುವಿಗೆ ಇಂಗ್ಲಿಷ್ ಅಕ್ಷರ ಬಾರದು. ಅದಕ್ಕೆ ಒಂದೊಂದು ಟೇಪಿಗೂ ಒಂದೊಂದು ಬಣ್ಣದ ನೂಲು ಕಟ್ಟಿ, ಬಾಗಿಲಿನಿಂದ ಯಂತ್ರದ ಕಡೆಗೆ ಸಾಲಾಗಿ ತೂಗಿಸಿದಳು.

"ಮೊದಲು ಕೆಂಪು. ಆಮೇಲೆ ಧನಿಗಳ ಅಂಕಿ. ಆಮೇಲೆ ಹಸಿರು, ಲಾರಿ ನಿಂತರೆ ಹಳದಿ. ಕೊನೆಗೆ ಬಿಳಿ. ತಲೆ ಕೆಳಗಾಗಬಾರದು ಮೋನಾಕ."

"ಅಡಿಕೆಯನ್ನು ಕತ್ತಲೆಯಲ್ಲಿ ಮುಟ್ಟಿ ಯಾರ ತೋಟದ್ದು ಅಂತ ಹೇಳುವವ ನಾನು. ಇದೆಂತ ದೊಡ್ಡದು? ನೀವು ಹೋಗಿ ಪಂಕಜಕ್ಕ, ಅಮ್ಮನ ಪದ ಕೇಳಿ. ಕೆಂಪು, ಹಳದಿ, ಬಿಳಿ."

"ಹಸಿರು!"

"ಹಸಿರು ಮರೆಯುದುಂಟಾ? ನಿಮ್ಮನ್ನು ಹೆದರಿಸಿದ್ದು."

ಗುರುವಾರ ಬೆಳಗ್ಗೆ ತಾಯಿ ಮಗಳು ಕಡಬದಿಂದ ಬಸ್ಸು ಹತ್ತಿದರು. ಸುಬ್ರಹ್ಮಣ್ಯದಲ್ಲಿ ಇಳಿದು ಇನ್ನೊಂದು ಬಸ್ಸು. ಮಂಜು ಗುಡ್ಡಗಳನ್ನು ಒಂದೊಂದಾಗಿ ಅಳಿಸುತ್ತಾ, ಮತ್ತೆ ಬರೆಯುತ್ತಾ ಇತ್ತು. ಕಿಟಕಿಯ ಪಕ್ಕ ಕುಳಿತ ಸೀತು ಹೊರಗಿನಿಂದ ಕಣ್ಣು ತೆಗೆಯದೆ ಕೇಳಿದಳು.

"ನಾವು ಎಲ್ಲಿಗೆ ಹೋಗುದು?"

"ಕೊಲ್ಲಮೊಗ್ರಿಗೆ ಅಮ್ಮ, ಚಿಕ್ಕಮ್ಮನ ಗದ್ದೆಗೆ, ನೇಜಿ ನೆಡ್ಲಿಕ್ಕೆ."

"ಹೌದಾ." ಒಂದು ಸೇತುವೆ ಹಿಂದೆ ಹೋಯಿತು. "ನಾವು ಎಲ್ಲಿಗೆ ಹೋಗುದು ಮಗಾ?"

"ಕೊಲ್ಲಮೊಗ್ರಿಗೆ ಅಮ್ಮ, ಚಿಕ್ಕಮ್ಮನ ಗದ್ದೆಗೆ, ನೇಜಿ ನೆಡ್ಲಿಕ್ಕೆ."

ತಿರುವಿನಲ್ಲೊಮ್ಮೆ, ಇಳಿಜಾರಿನಲ್ಲೊಮ್ಮೆ, ಮಳೆ ಜೋರಾದಾಗಲೊಮ್ಮೆ ಸೀತು ಕೇಳಿದಳು. ಅದೇ ಪ್ರಶ್ನೆಗೆ ಅದೇ ಉತ್ತರ, ಅದೇ ರಾಗ. ಮುಂದಿನ ಸೀಟಿನಲ್ಲಿದ್ದ ಒಬ್ಬಳು ಬ್ಯಾರಿ ಹೆಂಗಸು ಹಿಂದೆ ತಿರುಗಿ ನಕ್ಕು, ಆಮೇಲಿನ ಸಲ ಸೀತು ಕೇಳಿದಾಗ ತಾನೇ ಹೇಳಿದಳು: "ಕೊಲ್ಲಮೊಗ್ರಿಗೆ ಅಜ್ಜೀ, ತಂಗಿಯ ಗದ್ದೆಗೆ."

"ಇವಳಿಗೆ ಹೇಗೆ ಗೊತ್ತು?" ಎಂದು ಸೀತು ಮಗಳ ಕಿವಿಯಲ್ಲಿ ಪಿಸುಗುಟ್ಟಿದಳು.

ದಮಯಂತಿಯ ಗದ್ದೆ ಎರಡು ಗುಡ್ಡಗಳ ನಡುವೆ ಅಂಗೈಯ ಹಾಗೆ ಮಲಗಿತ್ತು. ಉತ್ತು ಮಟ್ಟ ಮಾಡಿದ ಕೆಸರಿನ ಮೇಲೆ ತೆಳು ನೀರು, ನೀರಿನಲ್ಲಿ ಆಕಾಶ. ಹೆಂಗಸರು ಆಗಲೇ ಸಾಲು ನಿಂತಿದ್ದರು. ಸೀತು ಹುಣಿಯ ಮೇಲೆ ನಿಂತು ನೋಡಿದಳು. ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು. ಕಾಲು ಕೆಸರಿಗಿಟ್ಟ ಕ್ಷಣ ಅವಳ ಬೆನ್ನು ತಾನಾಗಿ ಬಗ್ಗಿತು, ಕೈ ತಾನಾಗಿ ನೇಜಿಯ ಕಟ್ಟಿಗೆ ಹೋಯಿತು. ಪಂಕಜಾಕ್ಷಿ ಅವಳ ಮಗ್ಗುಲಲ್ಲೇ ಇಳಿದಳು. ಈ ಸಲ ಯಾರು ಗಂಜಿಗೆ ಕಳಿಸಿದರೂ ಕದಲುವವಳಲ್ಲ.

ಹಾಡೆತ್ತು ಎಂದು ಯಾರೂ ಹೇಳಲಿಲ್ಲ. ಸ್ವಲ್ಪ ಹೊತ್ತು ನೀರಿನ ಚಳಕ್ ಚಳಕ್ ಮಾತ್ರ. ಆಮೇಲೆ ಎಲ್ಲಿಂದಲೋ ಎಂಬ ಹಾಗೆ ಸೀತುವಿನ ಸ್ವರ ಎದ್ದಿತು. ಒಡೆದ ಸ್ವರ, ಆದರೆ ದಾರಿ ಗೊತ್ತಿದ್ದ ಸ್ವರ. ತಾಯಿ ಕರೆದಳು, ಕಿವಿಯಲ್ಲಿ ಹೇಳಿದಳು, ಹುಡುಗಿ ಹೊರಟಳು. ಮೊದಲು ಹಲಸಿನ ಮರ. ಪಂಕಜಾಕ್ಷಿಯ ಕಣ್ಣು ತುಂಬಿತು. ಆಮೇಲೆ ಹೊಳೆ. ಆಮೇಲೆ ಕೊಕ್ಕರೆ. ಯಾವುದೂ ಜಾಗ ಬಿಟ್ಟಿರಲಿಲ್ಲ. ಹೆಂಗಸರು ಸೊಲ್ಲು ಹಿಡಿದು ತಿರುಗಿಸಿದರು. ಹಸುರು ಸಾಲು ಅವರ ಎದುರಿಗೆ ಉದ್ದಕ್ಕೆ ಬೆಳೆಯುತ್ತಾ ಹೋಯಿತು, ಖಾಲಿ ಕೆಸರು ಹಿಂದೆ ಕಿರಿದಾಗುತ್ತಾ ಬಂತು.

ಹುಣಿ ಹತ್ತಿರವಾಯಿತು. ಹುಡುಗಿ ಗುಡ್ಡ ಇಳಿದಳು. ಅಣ್ಣನ ಅಂಗಳ ದಾಟಿದಳು. ಹೊಸ್ತಿಲ ಮುಂದೆ ನಿಂತಳು.

ಸೀತು ನಿಂತಳು.

ಕೈಯಲ್ಲಿ ನೇಜಿ ಹಿಡಿದು, ಬಾಯಿ ಅರ್ಧ ತೆರೆದು, ನೀರನ್ನೇ ನೋಡುತ್ತಿದ್ದಳು. ಮುಂದಿನದು ಬರಲಿಲ್ಲ. ಅವಳ ತುಟಿ ಅಲುಗಿತು, ನಿಂತಿತು. ಮಗಳ ಕಡೆ ನೋಡಿದಳು. ಬಸ್ಸಿನಲ್ಲಿ ಎಲ್ಲಿಗೆ ಹೋಗುವುದು ಎಂದು ಕೇಳುವಾಗ ಇದ್ದ ಅದೇ ನೋಟ.

ಇನ್ನು ಒಂದೇ ಸಾಲಿನಷ್ಟು ಜಾಗ ಉಳಿದಿತ್ತು. ಗದ್ದೆ ಮುಗಿದರೆ ಹಾಡಿಗೆ ಜಾಗವಿಲ್ಲ. ಹೆಂಗಸರಿಗೆ ಅದು ಗೊತ್ತಿತ್ತು. ಒಬ್ಬರಿಗೊಬ್ಬರು ಏನೂ ಹೇಳದೆಯೇ ಅವರ ಕೈಗಳು ನಿಧಾನವಾದವು. ಒಂದು ಹಿಡಿ ನೆಡುವಲ್ಲಿ ಒಂದೊಂದೇ ಎಸಳು ನೆಟ್ಟರು. ನೆಟ್ಟದ್ದನ್ನು ಕಿತ್ತು ಮತ್ತೆ ನೆಟ್ಟರು.

ಹುಣಿಯ ಮೇಲೆ ನಿಂತಿದ್ದ ಚಿಕ್ಕಪ್ಪ ದುಗ್ಗಪ್ಪ ಕೂಗಿ ಹೇಳಿದ, "ಎಂತ ಮಾರಾಯ್ತಿಯರೇ, ನೇಜಿಗೆ ಜಡೆ ಹಾಕುದಾ? ಇವತ್ತು ಮುಗಿಯುದುಂಟಾ?"

"ನೀವು ಸುಮ್ಮನೆ ಹೋಗಿ ವೀಳ್ಯ ತಿನ್ನಿ!" ಎಂದಳು ದಮಯಂತಿ. "ಕೊನೆಯದ್ದು, ಚಂದಕ್ಕೆ ನೆಡಬೇಡವಾ?"

ಪಂಕಜಾಕ್ಷಿಗೆ ಕೊನೆ ತಿಳಿಯದು. ಅಲ್ಲಿದ್ದ ಯಾರಿಗೂ ತಿಳಿಯದು; ಎಳೆಯ ವಯಸ್ಸಿನಲ್ಲೇ ಮದುವೆಯಾಗಿ ದೂರ ಹೋದ ದಮಯಂತಿಗೂ ನೆನಪಿಲ್ಲ. ಅವಳಿಗೆ ತಿಳಿದಿದ್ದದ್ದು ದಾರಿಯ ಸೊಲ್ಲು ಒಂದೇ. ಗದ್ದೆಯಲ್ಲಿ ಅವಳು ಯಾವತ್ತೂ ಹಾಡು ಎತ್ತಿದವಳಲ್ಲ. ಆದರೂ ಎತ್ತಿದಳು:

ಅಮ್ಮ ಕೊಟ್ಟ ಮಾತಿದು, ಅಣ್ಣನಿಗೆಂದ ಮಾತಿದು,
ತಲೆಯ ಮೇಲೆ ಹೊತ್ತಿದ್ದೇನೆ, ದಾರಿಯಲ್ಲಿ ಇಳಿಸಲಾರೆ.

ಹೆಂಗಸರು ಹಿಡಿದರು. ಅವಳು ಮತ್ತೆ ಎತ್ತಿದಳು. ಅವರು ಮತ್ತೆ ಹಿಡಿದರು. ಇಷ್ಟು ದಿನ ಈ ಸಿದ್ಧ ಸೊಲ್ಲುಗಳು ಕೆಲಸ ಬೇಗ ಮುಗಿಯಲಿ ಎಂದು ಇರುವುವೆಂದೇ ಅವಳು ತಿಳಿದಿದ್ದಳು. ಈಗ ಅಮ್ಮನ ಮುಖ ನೋಡುತ್ತಾ ಹಾಡುವಾಗ, ಇವು ಬೆಟ್ಟ ಹತ್ತುವವರು ಹೊರೆ ಆನಿಸಿ ನಿಲ್ಲುವ ಕಟ್ಟೆಯ ಹಾಗೆ ಕಂಡವು. ಮುಂದಿನ ಮಾತು ಬರುವ ತನಕ ನಿಲ್ಲು, ಅವಸರವಿಲ್ಲ, ನಿಲ್ಲು. ಅವಳು ಸೊಲ್ಲನ್ನು ಇನ್ನಷ್ಟು ಎಳೆದಳು. ಮಂಜು ಗುಡ್ಡ ಇಳಿದು ಗದ್ದೆಯ ಅಂಚಿಗೆ ಬಂದು ಕುಳಿತಿತು. ಸೀತು ಯಾರದೋ ಹಾಡು ಕೇಳುವವಳ ಹಾಗೆ ತಲೆ ವಾಲಿಸಿ ಕೇಳಿದಳು. ಕೇಳುತ್ತಾ ಕೇಳುತ್ತಾ ಅವಳ ಮುಖದಲ್ಲಿ ಒಂದು ಸಣ್ಣ ನಗು ಬಂತು, ಚಿಕ್ಕ ಹುಡುಗಿಯ ನಗು. ಒಂದು ಕೈ ಎತ್ತಿ ಮಗಳನ್ನು ತಡೆದಳು.

ಹಲಸಿಗೆ ಹೇಳಿದೆ, ಹೊಳೆಗೆ ಹೇಳಿದೆ, ಕೊಕ್ಕರೆಗೂ ಹೇಳಿದೆ,
ಹೊತ್ತಿದ್ದೇನೆ ಎಂದು ಹೇಳಿ ಹೇಳಿ ಹೊತ್ತದ್ದನ್ನೇ ಮರೆತೆ ಅಣ್ಣಾ.
ಅಮ್ಮ ಏನೆಂದಳೋ ನಾನರಿಯೆ, ನೀನೇ ಬಂದು ಕೇಳು.

ಹೆಂಗಸರ ಸಾಲಿನಲ್ಲಿ ಯಾರೋ ಕಿಸಕ್ಕೆಂದು ನಕ್ಕರು, ಯಾರೋ ಮೂಗು ಎಳೆದರು. ಸೀತುವಿನ ಸ್ವರ ಈಗ ನಿಲ್ಲಲಿಲ್ಲ. ಅಣ್ಣ ಅಡಿಕೆ ಹಾಳೆಯ ಮುಟ್ಟಾಳೆ ತಲೆಗಿಟ್ಟ. ಬಾಗಿಲು ಎಳೆದುಕೊಂಡ. ಹೊಳೆ ದಾಟಿದ, ಹಲಸು ದಾಟಿದ. ಒಬ್ಬಳನ್ನು ಕಳಿಸಿದ ತಾಯಿ ಅಂಗಳದಲ್ಲಿ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡುತ್ತಾಳೆ. ಗುಡ್ಡದ ಮೇಲಿನಿಂದ ಇಬ್ಬರು ಇಳಿದು ಬರುತ್ತಿದ್ದಾರೆ.

ಸೀತು ಕೈಯಲ್ಲಿದ್ದ ಕೊನೆಯ ಹಿಡಿಯನ್ನು ಹುಣಿಯ ಬುಡದಲ್ಲಿ ಊರಿ, ನೆಟ್ಟಗೆ ನಿಂತಳು.

ಪಂಕಜಾಕ್ಷಿ ಅಮ್ಮನ ತೋಳು ಹಿಡಿದು ಮೇಲೆ ಹತ್ತಿಸಿದಳು. ಕಾಲುವೆಯ ನೀರಿನಲ್ಲಿ ಅವಳ ಕಾಲಿನ ಕೆಸರು ಉಜ್ಜುತ್ತಾ, ಕೇಳಬಾರದೆಂದುಕೊಂಡರೂ ತಡೆಯಲಾಗದೆ ಕೇಳಿದಳು.

"ಅಮ್ಮಾ, ಹಾಡಿನಲ್ಲಿ ಮೊದಲಿಂದಲೂ ಹಾಗೆಯೇ ಉಂಟಾ? ಅಥವಾ ನೀನು ಈಗ ಹೇಳಿದ್ದಾ?"

ಸೀತು ಕಾಲು ಎಳೆದುಕೊಂಡು ಮಗಳನ್ನು ಸ್ವಲ್ಪ ಸಿಟ್ಟಿನಿಂದಲೇ ನೋಡಿದಳು.

"ಇನ್ನು ಎಂತ ಬೇಕು ನಿನಗೆ? ಬಂದನಲ್ಲ ಅವ."